ಹುಣಸೆ ಬೇರು ಮುಳುಗುವ ತನಕ

ಮರ ನೀರಿನಲ್ಲಿ ಮುಳುಗುವುದು ಸಾಧ್ಯವೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ. ನಾನು ಬಿ.ಎಸ್ಸಿ. ಪಾಸಾಗುವುದು ಸಾಧ್ಯವೇ ಇಲ್ಲ ಎಂದವರೂ ಅವರೇ. ಅದನ್ನು ಸುಳ್ಳು ಮಾಡಲು ನಾನು ಕೆಮಿಸ್ಟ್ರಿಯನ್ನು ಮೂರು ಸಲ ಬರೆಯಬೇಕಾಯಿತು. ಆದರೂ ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲ ಜೀವ ನಾನೇ. ಕೇಳದವರಿಗೂ ಇದನ್ನು ಹೇಳುತ್ತೇನೆ. ಆ ಚಟವೇ ನನಗೆ ಮುಳುವಾಯಿತು.

ಚಂದಕವಾಡಿಯ ಕೆರೆ ಏರಿಯಲ್ಲಿ ಸೊಟ್ಟಗೆ ಬಿದ್ದಿದ್ದ ಹುಣಸೆ ಬೇರೊಂದನ್ನು ಗುಂಡ್ಲುಪೇಟೆಯ ನಮ್ಮ ಮನೆಯ ಮೀನಿನ ಗಾಜಿನ ತೊಟ್ಟಿಯಲ್ಲಿ ಅಲಂಕಾರಕ್ಕಿಡಲೆಂದು ಎತ್ತಿಕೊಂಡೆ. ದೊಡ್ಡಪ್ಪ ನಕ್ಕರು. "ನಲ್ವತ್ತು ವರ್ಸ ಮರ ಕುಯ್ದಿವ್ನಿ ಕಣಮ್ಮಿ. ಅದು ತೇಲ್ತದೆ." "ಬಿಎಸ್ಸಿ ಓದಿದವಳು ಹೇಳ್ತಿದ್ದೀನಿ ದೊಡ್ಡಪ್ಪ, ಮುಳುಗುತ್ತೆ," ಎಂದೆ. "ಅಂಗಾರೆ ಅದು ಮುಳುಗೋ ಗಂಟ ನಿನ್ ಬಿಎಸ್ಸಿ ನನ್ ಬೀರಲ್ಲೇ ಇರ್ಲಿ ಬುಡು!"

ಸೀಲು ಬಿದ್ದ ನಮ್ಮ ಕಾಗದಗಳೆಲ್ಲ ಅವರ ಬೀರುವಿನಲ್ಲಿ ಪಹಣಿಯ ಜೊತೆಗಿರುವುದು ರೂಢಿ. ನಾನೂ ನಕ್ಕು ಬಂದೆ.

ಬೇರಿನ ತೊಗಟೆ ಸುಲಿದು, ತಂತಿ ಬ್ರಶ್ಶಿನಿಂದ ಉಜ್ಜಿ, ಸ್ನಾನದ ಹಂಡೆಯಲ್ಲಿ ಮೂರು ಸಲ ಬೇಯಿಸಿದೆ. ನೀರು ಡಿಕಾಕ್ಷನ್ನಿನಂತಾಯಿತು. ಗೊತ್ತಿಲ್ಲದೆ ಅದನ್ನೇ ತಲೆಗೆ ಹುಯ್ದುಕೊಂಡ ನಮ್ಮ ಯಜಮಾನರು ಅವತ್ತು ಇನ್ನೆರಡು ಸಲ ಸ್ನಾನ ಮಾಡಿದರು. ತೊಟ್ಟಿಗೆ ಹಾಕಲು ಹೊಲದ ಬದುವಿನಿಂದ ತಂದ ಕಲ್ಲುಗಳ ಮೇಲೆ ಗೋಬಿ ಅಂಗಡಿಯ ವಿನೆಗರ್ ಬಿಟ್ಟು ನೋಡಿದೆ. ಚೆಂದದ ಬಿಳಿ ಕಲ್ಲುಗಳೆಲ್ಲ ನೊರೆ ಕಾರಿದವು. ಸುಣ್ಣಕಲ್ಲು, ಮೀನಿನ ನೀರಿಗಾಗದು. ಕೆಮಿಸ್ಟ್ರಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನು ಕಲ್ಲುಗಳನ್ನು ಫೇಲು ಮಾಡುತ್ತಾ ಕೂತಿದ್ದೆ.

ಕಲ್ಲಿನ ಕೆಲಸ ಮುಗಿಯಿತು. ಬೇರು ಮಾತ್ರ ನೆನೆಹಾಕಿದ ಟಬ್ಬಿನಲ್ಲಿ ಎಮ್ಮೆಯಂತೆ ಬೆನ್ನು ಮೇಲೆ ಮಾಡಿ ತೇಲುತ್ತಲೇ ಇತ್ತು. ಹೀಗೆ ಆರು ವಾರ ಕಳೆದಿರುವಾಗ ಟೀಚರ್ ಕೆಲಸಕ್ಕೆ ಕರೆ ಬಂತು: ಸೋಮವಾರ ಚಾಮರಾಜನಗರದಲ್ಲಿ ಮೂಲ ಸರ್ಟಿಫಿಕೇಟು ತೋರಿಸಬೇಕು. ಇಲ್ಲದಿದ್ದರೆ ಕೆಲಸವಿಲ್ಲ. ನನ್ನ ನಗು ನಿಂತಿತು. ಫೋನು ಮಾಡಿ ಗೋಗರೆದೆ.

"ಮುಳುಗ್ತಾ?"

"ಇನ್ನೂ ಇಲ್ಲ ದೊಡ್ಡಪ್ಪ."

"ಅಂಗಾರೆ ಕಾಗ್ದನೂ ಇಲ್ಲ. ಭಾನ್ವಾರ ಬತ್ತೀನಿ, ಕಣ್ಣಾರ ನೋಡ್ತೀನಿ."

ಇದು ತಮಾಷೆಯಲ್ಲ. ಕೈ ಅಡ್ಡ ಹಿಡಿದರೂ ಒಮ್ಮೆ ಬಸ್ಸು ನಿಲ್ಲಲಿಲ್ಲವೆಂದು ಎರಡು ವರ್ಷ ಚಾಮರಾಜನಗರಕ್ಕೆ ನಡೆದೇ ಹೋಗಿಬಂದ ಮನುಷ್ಯ ಅವರು.

ಶನಿವಾರ ಸಂಜೆಯೂ ಬೇರಿನ ಅರ್ಧ ಬೆನ್ನು ನೀರಿನ ಮೇಲಿತ್ತು. ಅದರ ಅಡಿಗೆ ಒಂದು ಕರಿಕಲ್ಲನ್ನು ತಂತಿಯಿಂದ ಬಿಗಿದು ರಾತ್ರಿಯೆಲ್ಲ ಪೂರ್ತಿ ಮುಳುಗಿಸಿಟ್ಟೆ. ಬೆಳಿಗ್ಗೆ ಬಿಚ್ಚಿದೆ. ಪ್ರಾಮಾಣಿಕತೆಯಿಂದಲ್ಲ, ದೊಡ್ಡಪ್ಪ ಎತ್ತಿ ನೋಡುತ್ತಾರೆಂಬ ಭಯದಿಂದ.

ಸರ್ಟಿಫಿಕೇಟಿನ ಫೈಲನ್ನು ಕಂಕುಳಲ್ಲಿಟ್ಟುಕೊಂಡೇ ಅವರು ಬಂದು ತೊಟ್ಟಿಯ ಮುಂದೆ ಕೂತರು. ಬೇರನ್ನು ನೀರಿಗೆ ಬಿಟ್ಟೆ. ಒಂದು ತುದಿ ಇಳಿಯಿತು, ಇನ್ನೊಂದು ಎದ್ದಿತು. "ಏಳ್ತದೆ, ನೋಡ್ತಿರು," ಎಂದರು. ನನ್ನ ಕೆಲಸ, ಮೂರು ವರ್ಷದ ಓದು, ಎಲ್ಲವೂ ಆ ತುದಿಯ ಮೇಲೆ ಕೂತಿತ್ತು. ನಾಲ್ಕು ಗುಳ್ಳೆ ಬಂದವು. ತುದಿ ಮೆಲ್ಲಗೆ ಇಳಿದು ಮರಳಿನ ಮೇಲೆ ಕುಳಿತಿತು.

ದೊಡ್ಡಪ್ಪ ಅಂಗಿಯ ತೋಳು ಮಡಿಚಿ, ನೀರಿಗೆ ಕೈಹಾಕಿ, ಬೇರಿನ ಅಡಿಯನ್ನೆಲ್ಲ ತಡವಿದರು. ಎತ್ತಿ ಬಿಟ್ಟರು. ಮತ್ತೆ ಮುಳುಗಿತು. ಅವರು ಟವೆಲ್ಲಿನಲ್ಲಿ ಎರಡು ಸಲ ಕೈ ಒರೆಸಿಕೊಂಡು ಫೈಲನ್ನು ನನ್ನ ಕೈಗಿಟ್ಟರು.

"ತಕ್ಕೊ ಕಣಮ್ಮಿ. ಇದೂ ನಿನ್ ಬೇರಂಗೇ ಮೂರ್ ಸಲ ಬೆಂದು ಬಂದಿರದು. ಉಷಾರು, ಇದ್ನೂ ನೆನ್ಸಾಕ್ಬುಟ್ಟೀಯೆ!"