ದೇಸಾಯರ ಹಾಲಿಗೆ ವಿಷ ಹಾಕಿದವರು

ಕಡ ತಂದ ಪುಸ್ತಕವನ್ನು ನಾನು ಓದುವಾಗ, ನನಗಿಂತ ಮೊದಲು ಓದಿದವರನ್ನೂ ಜೊತೆಗೇ ಓದುತ್ತೇನೆ. ಅರಿಸಿನದ ಬೆರಳಚ್ಚು ಕಂಡರೆ ಒಗ್ಗರಣೆಯ ನಡುವೆ ಓದಿದ್ದಾರೆ, ಹಾಳೆಯ ಮೂಲೆ ಮಡಚಿದ್ದರೆ ಅದೇ ಹೊತ್ತಿಗೆ ಯಾರೋ ಬಾಗಿಲು ಬಡಿದಿದ್ದಾರೆ ಎಂದು ಪತ್ತೆ ಹಚ್ಚುವುದು ನನ್ನ ಚಟ. ನಮ್ಮ ಮನೆಯವರು ಇದಕ್ಕೆ ಊರ ಉಸಾಬರಿ ಎಂದು ಹೆಸರಿಟ್ಟಿದ್ದಾರೆ.

ಹೀಗೆ ಹಾವೇರಿಯ ನಮ್ಮ ಮನೆಗೆ ಬಂದದ್ದು ಒಂದು ಹಳೆಯ ಐತಿಹಾಸಿಕ ಪತ್ತೇದಾರಿ ಕಾದಂಬರಿ. ರಾಣೇಬೆನ್ನೂರಿನಲ್ಲಿರುವ ನನ್ನ ಅಕ್ಕ ಶಾರದಕ್ಕ ಅದನ್ನು ರದ್ದಿ ಅಂಗಡಿಯಲ್ಲಿ ಕೊಂಡು ಓದಿ, ಬ್ಯಾಡಗಿಯಲ್ಲಿರುವ ನನ್ನ ಕಾಲೇಜು ಗೆಳತಿ ಮುಮ್ತಾಜಳಿಗೆ ಕೊಟ್ಟಿದ್ದಳು. ಮುಮ್ತಾಜಳ ಗಂಡ ಮತ್ತು ಮೈದುನ ಕೂಡಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಆ ಮನೆಯಲ್ಲಿದ್ದು ಬಂದ ಪುಸ್ತಕ ತೆರೆದರೆ ಮೊದಲು ಸೀನು, ಆಮೇಲೆ ಮೊದಲ ಅಧ್ಯಾಯ. ಕಥೆಯಲ್ಲಿ ಯಾರೂ ಸಾಯುವ ಮುಂಚೆಯೇ ನನ್ನ ಕಣ್ಣು ತುಂಬಿದ್ದವು.

ಕಥೆ ನಡೆಯುವುದು ಪೇಶವೆಯವರ ಕಾಲದ ಒಂದು ವಾಡೆಯಲ್ಲಿ, ದೇಸಾಯರ ದೊಡ್ಡ ಮನೆಯಲ್ಲಿ. ದೇಸಾಯರು ದಿನಾ ಬೆಳ್ಳಿ ಬಟ್ಟಲಿನಲ್ಲಿ ಹಾಲು ಕುಡಿಯುತ್ತಾರೆ, ದಿನಾ ಒಂದಿಷ್ಟು ಸೊರಗುತ್ತಾರೆ. ಹಾಲಿಗೆ ಯಾರೋ ವಿಷ ಹಾಕುತ್ತಿದ್ದಾರೆ. ತಮ್ಮನೋ, ಸೊಸೆಯೋ, ಇಬ್ಬರು ಹೆಂಡಿರಲ್ಲಿ ಒಬ್ಬಳೋ ಗೊತ್ತಿಲ್ಲ. ದೇಸಾಯರು ತೀರಿಕೊಂಡ ಮೇಲೆ ಪುಣೆಯಿಂದ ಬಂದ ಕಾರಕೂನ ಮನೆಮಂದಿಯನ್ನೆಲ್ಲ ಪಡಸಾಲೆಯಲ್ಲಿ ನಿಲ್ಲಿಸಿ, ಒಬ್ಬೊಬ್ಬರ ಮುಖಕ್ಕೂ ದೀಪ ಹಿಡಿಯುತ್ತ ಬಂದು, ಒಂದು ಕಡೆ ನಿಂತು, "ವಿಷ ಹಾಕಿದವರು" ಎನ್ನುತ್ತಾನೆ. ಅಲ್ಲಿಗೆ ಹಾಳೆ ಮುಗಿಯಿತು. ಮುಂದೆ ಬರೀ ರಟ್ಟು.

ಮುಮ್ತಾಜಳಿಗೆ ಫೋನು ಮಾಡಿದೆ. "ಅಯ್ಯ, ನಾ ಓದುಮುಂದ ಹಾಳಿ ಇದ್ವಲ್ಲ! ದೇಸಾಯರ ತಮ್ಮನ ಹಾಕಿದ್ದು. ದೀಪದ ಬೆಳಕಿಗೆ ಅವನ ಎಡಗಣ್ಣು ಅದುರತದ ನೋಡು, ಅಲ್ಲೇ ಸಿಕ್ಕಬಿದ್ದ" ಎಂದಳು. ಖಾತ್ರಿಗಾಗಿ ಅಕ್ಕನನ್ನೂ ಕೇಳಿದೆ. "ತಮ್ಮ ಅಂತ ಯಾರಂದ್ರು? ಸೊಸಿ! ಸೆರಗು ಬೆರಳಿಗೆ ಸುತ್ತಕೋತ ನಿಂತಿರತಾಳ. ನಾ ಎರಡೆರಡು ಸಲ ಓದೇನಿ."

ಇಬ್ಬರಲ್ಲಿ ಒಬ್ಬರಿಗೆ ಮರೆವು ಎಂದು ನಕ್ಕು ಬಿಟ್ಟೆ. ಆದರೆ ಅದೇ ವಾರ ಅಕ್ಕನ ಸೊಸೆ ವೀಣಾ ಫೋನು ಮಾಡಿದಳು. "ಸಣ್ಣತ್ತಿ, ಅತ್ತಿಯವರು ನಾ ಮಾಡಿದ್ದು ಉಣವಲ್ರು. ತಮ್ಮಷ್ಟಕ್ಕ ತಾವು ಅವಲಕ್ಕಿ ಕಲಿಸಿಕೊಂಡು ತಿನ್ನಾಕತ್ತಾರ. ನಾ ಏನ್ ತಪ್ಪು ಮಾಡೇನ್ರಿ?" ಅವಳು ಅಳುತ್ತಿದ್ದಳು. ಅಳು ಬಂದಾಗ ವೀಣಾ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಮದುವೆಯ ದಿನವೇ ನೋಡಿದ್ದೆ.

ರವಿವಾರ ಅಕ್ಕನನ್ನೂ ಮುಮ್ತಾಜಳನ್ನೂ ಊಟಕ್ಕೆ ಕರೆಸಿ, ಪುಸ್ತಕವನ್ನು ನಡುವೆ ಇಟ್ಟೆ. ಅಕ್ಕ ಸರಸರನೆ ಕೊನೆಗೆ ತಿರುವಿದಳು. ರಟ್ಟು ಬಂತು. "ನೀನ ಹರದೀದಿ" ಎಂದು ನನ್ನ ಮೇಲೆ ಬಂದಳು. "ಎಲ್ಲಿ ಹರದೈತಿ ತೋರ್ಸು" ಎಂದೆ. ಹೊಲಿಗೆ ಬಿಗಿಯಾಗಿತ್ತು. ಕಿತ್ತ ಗುರುತಿಲ್ಲ, ಚೂರು ಅಂಚಿಲ್ಲ. ಕೊನೆಯ ಹಾಳೆಯ ಬುಡ ರಟ್ಟಿಗೆ ಅಂಟಿ, ಅಂಟು ಹಳದಿಯಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅಕ್ಕ ಅದರ ಮೇಲೆ ಮತ್ತೆ ಮತ್ತೆ ಬೆರಳಾಡಿಸಿ, "ನಾ ಓದೇನಿ. ಖರೇನ ಓದೇನಿ" ಎಂದು ಸಣ್ಣ ದನಿಯಲ್ಲಿ ಹೇಳಿದಳು. ಒಳಗೆ ಕುಕ್ಕರು ಸೀಟಿ ಹೊಡೆಯಿತು. ಮೂವರೂ ಕುಳಿತಲ್ಲೇ ಬೆಚ್ಚಿದೆವು.

"ಮುಮ್ತಾಜ್, ನಿನ್ನ ಮೈದುನನ ಎಡಗಣ್ಣು..." ಎಂದು ತಡೆದೆ.

ಅವಳು ಕಿಟಕಿಯ ಕಡೆ ನೋಡಿದಳು. "ಸಿಟ್ಟು ಬಂದಾಗಷ್ಟ ಅದುರತದ" ಎಂದಳು.

ತಟ್ಟೆಯಲ್ಲಿದ್ದದ್ದನ್ನು ಕೆದಕುತ್ತ ಕುಳಿತಿದ್ದ ಅಕ್ಕ ತಾನೇ ಫೋನು ತೆಗೆದು, "ವೀಣಾ, ಸಂಜಿಗೆ ಬರತೇನವಾ. ಬದನೀಕಾಯಿ ಪಲ್ಯ ಮಾಡು. ರೊಟ್ಟಿ ಬಿಸಿ ಇರ್ಲಿ" ಎಂದಳು. ಅಂದು ಅಕ್ಕ ಹೊಟ್ಟೆ ತುಂಬ ಉಂಡಳೆಂದು ವೀಣಾ ಆಮೇಲೆ ಹೇಳಿದಳು. ಮುಮ್ತಾಜ್ ಮಾತ್ರ ಮೈದುನನ ವಿಷಯ ಮತ್ತೆ ಎತ್ತಲಿಲ್ಲ. ಹೋಗುವಾಗ ಇಬ್ಬರೂ ಪುಸ್ತಕ ಮುಟ್ಟಲಿಲ್ಲ.

ಮೇಜಿನ ಮೇಲೆ ಉಳಿದ ಅದನ್ನು ನಮ್ಮ ಮನೆಯವರು ಎತ್ತಿಕೊಂಡರು. ಅವರು ಗಣಿತದ ನಿವೃತ್ತ ಮಾಸ್ತರರು, ಕಾದಂಬರಿ ಎಂದರೆ ಶುದ್ಧ ಸುಳ್ಳು ಎಂದು ನಂಬಿದವರು. ಕೊನೆಯ ಹಾಳೆ ಇಲ್ಲವೆಂಬುದನ್ನು ನಾನು ಅವರಿಗೆ ತಿಳಿಸಲಿಲ್ಲ. ಲೆಕ್ಕದ ಮನುಷ್ಯ, ಓದಿ ಮುಗಿಸಿ "ಹಾಳೀನ ಇಲ್ಲ" ಎಂದುಬಿಟ್ಟರೆ ನನ್ನ ಎದೆಯೂ ಹಗುರಾಗುತ್ತಿತ್ತು. ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಲೇ ಓದಿದರು. ಕೆಮ್ಮಿಗೆಂದು ಅರಿಸಿನ ಹಾಕಿದ ಹಾಲು ಒಯ್ದು ಕೊಟ್ಟೆ. ಲೋಟ ಹಿಡಿದುಕೊಂಡು ಪುಸ್ತಕ ಮುಚ್ಚಿದರು.

"ಮುಗೀತು" ಎಂದರು.

"ಕಡೀಗೆ ಯಾರಂತ್ರಿ?"

"ನೀ ಓದೀದಿಯಲ್ಲ. ಹಿರೇ ಹೆಂಡ್ತಿ. ಭಾಳ ಚಲೋ ಬರದಾನ. ಗಂಡ ಹಾಲು ಕುಡದು ಮುಗಸೂತನಕಾ ಹೊಸ್ತಿಲದಾಗ ನಿಂತು ನೋಡತಿದ್ದಳಂತ, ಸೆರಗಿಗೆ ಕೈ ಒರಸ್ಕೋತ."

ನಾನು ಹೊಸ್ತಿಲಲ್ಲಿದ್ದೆ. ಕೈ ಸೆರಗಿನಲ್ಲಿತ್ತು. ಅವರು ನನ್ನನ್ನು ನೋಡಿದರು, ಲೋಟ ನೋಡಿದರು. "ಬಿಸಿ ಐತಿ. ಆಮ್ಯಾಲೆ ಕುಡೀತೇನಿ" ಎಂದು ಮೇಜಿನ ಮೇಲಿಟ್ಟರು. ಬೆಳಿಗ್ಗೆ ಅದು ಕೆನೆಗಟ್ಟಿ ಅಲ್ಲೇ ಇತ್ತು.

ಅಂದಿನಿಂದ ಚಹಾ ಅವರೇ ಮಾಡುತ್ತಾರೆ. ಒಲೆ ಹಚ್ಚಲು ಬಾರದ ಮನುಷ್ಯ ಈಗ ಶುಂಠಿ ಜಜ್ಜುತ್ತಾರೆ, ನನಗೂ ಒಂದು ಕಪ್ಪು ತಂದು ಕೊಡುತ್ತಾರೆ. ಪಕ್ಕದ ಮನೆಯಾಕೆ "ಪುಣ್ಯಾ ಮಾಡೀರಿ ಬಿಡ್ರಿ" ಎನ್ನುತ್ತಾಳೆ. ಹೌದೆಂದು ನಗುತ್ತೇನೆ. ಆಮೇಲೆ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು, ಅವರು ತಮ್ಮ ಕಪ್ಪಿನಿಂದ ಮೊದಲ ಗುಟುಕು ನುಂಗುವವರೆಗೆ ಕಾಯುತ್ತೇನೆ.