ಆರು ಹಸಿರಿಗೆ ಒಂದೇ ಖಾತೆ

ಮೂವತ್ತು ವರ್ಷ ತರೀಕೆರೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಬರೆದ ಕೈ ಇದು. ಹೆಂಡತಿ ಶ್ರುತಿಯ ಆನ್‌ಲೈನ್ ಬಳೆ ಅಂಗಡಿ ಯಾವ ಲೆಕ್ಕ? ಒಂದೇ ಮಧ್ಯಾಹ್ನದಲ್ಲಿ ಅದನ್ನು ಶಿಸ್ತಿಗೆ ತರುವುದೆಂದು ಅಜ್ಜಂಪುರದ ನಮ್ಮ ಹಜಾರದಲ್ಲಿ ಘೋಷಿಸಿದೆ.

“ಕೇಳ್ದೆ ಏನೂ ಮುಟ್ಬೇಡಿ ಕಣ್ರೀ,” ಎಂದು ಹೇಳಿ ಶ್ರುತಿ ಪಂಚನಹಳ್ಳಿಯ ಅಕ್ಕನ ಮನೆಗೆ ಹೋದಳು. ಮುಟ್ಟಿದೆ.

ಹಸಿರು ಬಳೆಗೇ ಆರು ಆಯ್ಕೆ ಇಟ್ಟಿದ್ದಳು! ಗಿಳಿಹಸಿರು, ಎಲೆಹಸಿರು, ಪಾಚಿಹಸಿರು, ಇನ್ನೂ ಮೂರು. ಜಮೀನಾಗಿದ್ದರೆ ಇಷ್ಟು ಹಿಸ್ಸಾ ಮಾಡಿದವರನ್ನು ಕಚೇರಿಗೆ ಕರೆಸುತ್ತಿದ್ದೆ. ಆರನ್ನೂ ಒಟ್ಟುಗೂಡಿಸಿ ‘ಹಸಿರು’ ಎಂದು ಜಂಟಿ ಖಾತೆ ಮಾಡಿದೆ. ಪುಟ ಚೊಕ್ಕಟವಾಯಿತು.

ಅಂದೇ ಅಮೃತಾಪುರದ ಶರ್ಮಿಳಾ ಎಂಬುವವರಿಂದ ಆರ್ಡರ್ ಬಂತು. ಮಗಳ ಮದುವೆಯ ಬಳೆ ಶಾಸ್ತ್ರಕ್ಕೆ ಹಸಿರು ಬಳೆ, ಇಪ್ಪತ್ತು ಡಜನ್. ಅಂಗಡಿಗೆ ಇಷ್ಟು ದೊಡ್ಡ ಆರ್ಡರ್ ಅದೇ ಮೊದಲು. ಯಾವ ಹಸಿರು ಕಳಿಸುವುದು? ಜಂಟಿ ಖಾತೆಯಲ್ಲಿ ಎಲ್ಲರಿಗೂ ಸಮಪಾಲು. ಪ್ರತಿ ಡಜನ್ನಿಗೂ ಆರು ಹಸಿರಿನ ಡಬ್ಬಗಳಿಂದ ಎರಡೆರಡು ಎಣಿಸಿ ಹಾಕಿ, ತರೀಕೆರೆ ಬಸ್ಸಿಗೆ ಕೊಟ್ಟು ಬಂದೆ.

ಶ್ರುತಿ ಮರಳಿದ ಮಾರನೆಯ ಬೆಳಿಗ್ಗೆ ಶರ್ಮಿಳಾ ಫೋನ್ ಮಾಡಿದರು.

“ಏನ್ರೀ, ಅಂಗಡೀಲಿ ಮಿಕ್ಕಿದ್ದನ್ನೆಲ್ಲ ಗುಡಿಸಿ ಕಳ್ಸಿದೀರಾ? ಮದ್ವೆ ಹೆಣ್ಣಿನ ಕೈಗೆ ಇವನ್ನ ಹಾಕೋದಾ? ಹನ್ನೊಂದಕ್ಕೆ ಶಾಸ್ತ್ರ. ನಮ್ಮತ್ತೆ ಬಂದೋರಿಗೆಲ್ಲ ತೋರಿಸ್ತಾವ್ರೆ.”

ಶ್ರುತಿ ನನ್ನತ್ತ ತಿರುಗಿದಳು.

“ಆರಕ್ಕೂ ಸಮಪಾಲು ಕೊಟ್ಟೆ,” ಎಂದೆ.

ಎರಡು ವರ್ಷ ಅವಳು ಕಟ್ಟಿದ ಹೆಸರು ಹನ್ನೊಂದು ಗಂಟೆಗೆ ಮುಳುಗುವುದರಲ್ಲಿತ್ತು. ನನಗೆ ನಿಜಕ್ಕೂ ಭಯವಾಯಿತು, ನಾಚಿಕೆಯೂ ಆಯಿತು. ಅವಳು ಗಿಳಿಹಸಿರಿನ ಡಬ್ಬಗಳನ್ನು ಚೀಲಕ್ಕೆ ತುಂಬಿ ಸ್ಕೂಟರ್ ಹತ್ತಿದಳು.

ಸಂಜೆ ಖಾಲಿ ಚೀಲದೊಂದಿಗೆ ಬಂದಳು.

“ಏನಂದ್ರು?”

“ಪ್ಯಾಕ್ ಮಾಡೋರಿಗೆ ಬಣ್ಣ ಗೊತ್ತಾಗಲ್ಲ, ಆದ್ರೂ ಪಾಪ ಕೂತು ಕೆಲ್ಸ ಮಾಡ್ತಾರೆ ಅಂದೆ. ಅವರತ್ತೆ ಕಣ್ಣೊರೆಸ್ಕೊಂಡ್ರು. ಆ ಬೆರಕೆ ಬಳೇನೂ ಅವರೇ ಇಟ್ಕೊಂಡ್ರು.”

“ನನಗಾ ಬಣ್ಣ ಗೊತ್ತಾಗದೇ ಇರೋದು?”

“ಭಾನುವಾರ ಆ ಅತ್ತೆ ನಿಮ್ಮನ್ನ ನೋಡೋಕೆ ಬತ್ತಾರಂತೆ. ಗಿಳಿಹಸಿರು ಯಾವ್ದು, ಪಾಚಿಹಸಿರು ಯಾವ್ದು ಅಂತ ಕೇಳಿದ್ರೆ ಗೊತ್ತಿಲ್ಲ ಅಂದ್ಬಿಡಿ.”

“ಈ ವಯಸ್ಸಲ್ಲಿ ಸುಳ್ಳು ಹೇಳ್ಲಾ?”

ಶ್ರುತಿ ಎರಡು ಬಳೆಗಳನ್ನು ನನ್ನ ಮುಂದಿಟ್ಟು, “ಇದ್ರಲ್ಲಿ ಗಿಳಿಹಸಿರು ಯಾವ್ದು?” ಎಂದಳು. ಒಂದನ್ನು ಎತ್ತಿದೆ, ಇಟ್ಟೆ; ಇನ್ನೊಂದನ್ನು ಎತ್ತಿದೆ, ಅದನ್ನೂ ಇಟ್ಟೆ.

“ಸುಳ್ಳೇನೂ ಆಗಲ್ಲ ಬಿಡಿ,” ಎಂದು ಅವಳು ಒಳಗೆ ಹೋದಳು.