ಅಮ್ಮಣ್ಣಿ ಅತ್ತೆಗೆ ಮುಂಬಯಿ ತೋರಿಸಿದ್ದು

“ಎಲ್ಲರೂ ಇಳಿಯೋ ಕಡೆ ಇಳಿದುಬಿಡಿ ಅತ್ತೆ, ಅಷ್ಟೇ. ನಾನು ಪಕ್ಕದ ಡಬ್ಬೀಲೇ ಇರ್ತೀನಿ.”

ಚೆಂಬೂರು ಸ್ಟೇಷನ್ನಿನಲ್ಲಿ ಕೇಶವಮೂರ್ತಿ ಆಡಿದ ಮಾತು ಇಷ್ಟೇ. ಲೋಕಲ್ ರೈಲಿನಲ್ಲಿ ಹೆಂಗಸರ ಡಬ್ಬಿ ಬೇರೆ, ಗಂಡಸರದು ಬೇರೆ. ವಿ.ಟಿ. ಕೊನೆಯ ಸ್ಟೇಷನ್ನು, ಅಲ್ಲಿ ಎಲ್ಲರೂ ಇಳಿಯಲೇಬೇಕು. ಹಾಗಾಗಿ ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ದಾರಿಯಲ್ಲಿ ಕುರ್ಲಾ ಎಂಬುದೊಂದಿದೆ. ಬೇರೆ ಗಾಡಿ ಹಿಡಿಯುವವರೆಲ್ಲ ಅಲ್ಲಿ ಇಳಿಯುತ್ತಾರೆ, ಗೋಣಿಚೀಲದ ಹೊಲಿಗೆ ಬಿಚ್ಚಿದರೆ ಕಾಳು ಸುರಿಯುವ ಹಾಗೆ. ಹತ್ತು ವರ್ಷದಿಂದ ದಿನವೂ ಓಡಾಡುವ ಕೇಶವಮೂರ್ತಿಗೆ ಕುರ್ಲಾ ಬಂದದ್ದೇ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ಅವನಿಗೆ ನಿದ್ದೆ ಬಂದಿರುತ್ತದೆ.

ಆ ಭಾನುವಾರವೂ ನಿದ್ದೆ ಬಂತು. ಭಾನುವಾರ ಮಧ್ಯಾಹ್ನದವರೆಗೆ ಮಲಗಬೇಕು ಎನ್ನುವುದನ್ನು ಬಿಟ್ಟರೆ ಅವನಿಗೆ ಈ ಲೋಕದಲ್ಲಿ ಬೇರೆ ಆಸೆಯೇ ಉಳಿದಿರಲಿಲ್ಲ. ಆದರೆ ಮೈಸೂರು, ಹಾಸನ, ತುಮಕೂರುಗಳಿಂದ ನೆಂಟರು ಬರುತ್ತಲೇ ಇರುತ್ತಿದ್ದರು. ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ “ಮುಂಬಯಿ ತೋರಿಸಪ್ಪಾ” ಎನ್ನುತ್ತಿದ್ದರು. ಅವನು ತೋರಿಸುತ್ತಿದ್ದ. ವಿ.ಟಿ. ಸ್ಟೇಷನ್ನಿನ ಗೋಪುರ, ಕೋಟೆಯೇ ಇಲ್ಲದ ಕೋಟೆ ಪ್ರದೇಶ, ಮ್ಯೂಸಿಯಂ, ಗೇಟ್‌ವೇ. ಎಲ್ಲವೂ ಅವನ ಆಫೀಸಿನ ಸುತ್ತಮುತ್ತ. ಮಹಾಲಕ್ಷ್ಮಿ, ಚೌಪಾಟಿಗಳಿರುವ ಪಶ್ಚಿಮ ರೈಲ್ವೆಯ ಕಡೆಗೆ ಅವನು ಕಾಲಿಟ್ಟವನೇ ಅಲ್ಲ. ಅದು ಅವನ ಪಾಲಿಗೆ ಏಳು ಸಮುದ್ರದಾಚೆಯ ರಾಜ್ಯ. ಮುಂಬಯಿ ಇರುವಲ್ಲಿ ಮೊದಲು ಏಳು ದ್ವೀಪಗಳಿದ್ದದ್ದು, ಪೋರ್ಚುಗಲ್ಲಿನ ರಾಜಕುಮಾರಿ ಇಂಗ್ಲೆಂಡಿನ ರಾಜನನ್ನು ಮದುವೆಯಾದಾಗ ತವರಿನವರು ಅವನ್ನು ಬಳುವಳಿ ಕೊಟ್ಟದ್ದು, ಇಂಗ್ಲಿಷರು ಸಮುದ್ರ ತುಂಬಿಸಿ ಏಳನ್ನೂ ಒಂದು ಮಾಡಿದ್ದು, ಈ ಕತೆಯನ್ನು ನಿಂತಲ್ಲೆಲ್ಲ ಹೇಳುತ್ತಿದ್ದ. ಹೇಳಿ ಹೇಳಿ ಅವನ ಬಾಯಲ್ಲಿ ಆ ರಾಜಕುಮಾರಿಗೆ ವಯಸ್ಸಾಗಿಹೋಗಿತ್ತು.

ಈ ಸಲ ಬಂದವರು ಹೆಂಡತಿ ವಿಮಲಾಳ ಸೋದರತ್ತೆ ಅಮ್ಮಣ್ಣಿ ಮತ್ತು ಅವರ ಗಂಡ ಹಿರಿಯಣ್ಣ. ತಾಯಿಯಿಲ್ಲದ ವಿಮಲಾಳನ್ನು ಸಾಕಿದವರು ಅಮ್ಮಣ್ಣಿಯೇ. ಹಿರಿಯಣ್ಣ ನಿವೃತ್ತ ಹೆಡ್‌ಮಾಸ್ತರರು. ಊರು ನೋಡುವ ಹುಚ್ಚು ತಮಗಿಲ್ಲ ಎಂದು ಪೇಪರು ಹಿಡಿದು ಕುರ್ಚಿಯಲ್ಲೇ ಕುಳಿತರು.

“ಮದುವೆಯಾದಾಗಿನಿಂದ ಇವಳು ನನ್ನ ಬಿಟ್ಟು ಬೀದಿ ಕೊನೇ ಅಂಗಡಿಗೂ ಹೋದವಳಲ್ಲ,” ಎಂದರು. “ಜೋಪಾನ.”

ವಿಮಲಾ ಬಾಗಿಲವರೆಗೆ ಬಂದು ಮೆಲ್ಲಗೆ ಹೇಳಿದಳು: “ಅತ್ತೆಗೆ ಏನಾದ್ರೂ ಆದ್ರೆ ನೀವೂ ಮನೆಗೆ ಬರಬೇಡಿ.”

ತಮಾಷೆಗೆ ಅಂದಳೋ ಎಂದು ಅವನು ಅವಳ ಮುಖ ನೋಡಿದ. ಮುಖದಲ್ಲಿ ತಮಾಷೆ ಇರಲಿಲ್ಲ.

ವಿ.ಟಿ.ಯಲ್ಲಿ ಇಳಿದು ಹೆಂಗಸರ ಡಬ್ಬಿಯ ಮುಂದೆ ನಿಂತ. ಕಾಲೇಜು ಹುಡುಗಿಯರು ಇಳಿದರು. ಮೀನಿನ ಬುಟ್ಟಿ ಇಳಿಯಿತು. ಅಮ್ಮಣ್ಣಿ ಅತ್ತೆ ಇಳಿಯಲಿಲ್ಲ. ಒಳಗೆ ಇಣುಕಿದ. ಖಾಲಿ ಡಬ್ಬಿಯಲ್ಲಿ ಫ್ಯಾನು ಮಾತ್ರ ತಿರುಗುತ್ತಿತ್ತು. ರಾಕ್ಷಸ ಹೊತ್ತೊಯ್ದನೇನೋ ಎಂಬಂತೆ ಅತ್ತೆ ಮಾಯವಾಗಿದ್ದರು.

“ಏನ್ರಿ ಮೂರ್ತಿಯವರ, ಹೆಂಗಸರ ಡಬ್ಬಿಯೊಳಗ ಏನ್ ಹುಡುಕಾಕತ್ತೀರಿ?”

ಅದು ಬಂಡೆಪ್ಪ. ಬಿಜಾಪುರ ಕಡೆಯವನು, ಅದೇ ಆಫೀಸಿನಲ್ಲಿ ಪಕ್ಕದ ಮೇಜಿನವನು. ಬೇರೆಯವರ ಕಷ್ಟ ಕಂಡರೆ ಅವನಿಗೆ ಹಬ್ಬದೂಟದ ವಾಸನೆ ಬಂದಷ್ಟು ಹುರುಪು. ಕೇಶವಮೂರ್ತಿ ಎಲ್ಲ ಹೇಳಿದ.

“ಇಷ್ಟ ಹೌದಿಲ್ಲೋ? ನಡೀರಿ, ಮೈಕಿನ್ಯಾಗ ಕೂಗಸೂಣು.”

ಅನೌನ್ಸ್‌ಮೆಂಟಿನವನು ಮರಾಠಿಯಲ್ಲಿ ಹೇಳುತ್ತೇನೆಂದ, ಹಿಂದಿಯಲ್ಲಿ ಹೇಳುತ್ತೇನೆಂದ. ಎರಡೂ ಅತ್ತೆಗೆ ತಿಳಿಯದು. ಬಂಡೆಪ್ಪ ಅವನ ಹೆಗಲ ಮೇಲೆ ಕೈಹಾಕಿ ಅದೇನು ಹೇಳಿದನೋ, ಮೈಕು ಕೇಶವಮೂರ್ತಿಯ ಮುಂದೆ ಬಂತು. “ಅತ್ತೆ, ನಾನು ಕೇಶವ. ಎಲ್ಲಿದ್ದೀರೋ ಅಲ್ಲೇ ಇರಿ,” ಎಂದು ಅವನು ವಿ.ಟಿ. ಸ್ಟೇಷನ್ನಿಗೆಲ್ಲ ಕೇಳುವಂತೆ ಹೇಳಿದ.

ಅತ್ತೆ ಬರಲಿಲ್ಲ. ಸ್ಟೇಷನ್ನಿನಲ್ಲಿದ್ದ ಕನ್ನಡಿಗರೆಲ್ಲ ಬಂದರು.

“ನೀವು ಯಾವ ಕಡೆಯವರು ಸ್ವಾಮಿ?” ಎಂದರೊಬ್ಬರು. ವಯಸ್ಸಾದವರನ್ನು ಕರೆತರುವಾಗ ಹೆಂಡತಿಯನ್ನೂ ಜೊತೆಗೆ ತರಬೇಕಿತ್ತು ಎಂದರು ಇನ್ನೊಬ್ಬರು. ಉಡುಪಿ ಕಡೆಯ ಹೋಟೆಲಿನವರೊಬ್ಬರು, “ನಮ್ಮ ಚಿಕ್ಕಪ್ಪ ದಾದರಿನಲ್ಲಿ ಹೀಗೇ ಹೋದದ್ದು ಮಾರಾಯ್ರೆ,” ಎಂದು ನಿಟ್ಟುಸಿರು ಬಿಟ್ಟರು.

“ಸಿಕ್ಕಿದ್ರಾ?” ಎಂದ ಕೇಶವಮೂರ್ತಿ.

“ಅದೇ ನೋಡಿ,” ಎಂದು ಅವರು ತಮ್ಮ ಗಾಡಿ ಹಿಡಿಯಲು ಓಡಿದರು.

ಬಂಡೆಪ್ಪ ಯೋಚಿಸಿ ತೀರ್ಪು ಕೊಟ್ಟ. “ಮುದುಕಿ ಏನ್ ನೋಡಾಕ ಬಂದಿತ್ತು? ಗೇಟ್‌ವೇ. ಅಂದ ಮ್ಯಾಲ ಅಲ್ಲೇ ಹೋಗಿರ್ತೈತಿ.”

ಅದರಲ್ಲಿ ಅರ್ಥವಿರಲಿಲ್ಲ. ಆದರೆ ಕೇಶವಮೂರ್ತಿಯ ಬಳಿ ಬೇರೆ ಅರ್ಥವೂ ಇರಲಿಲ್ಲ. ಗೇಟ್‌ವೇ ಮುಂದೆ, ಜನಜಂಗುಳಿಯ ನಡುವೆ, ಅತ್ತೆಯದರಂಥದೇ ಕಡುಕೆಂಪು ಹದಿನೆಂಟು ಮೊಳದ ಸೀರೆ, ಬೆಳ್ಳಗಿನ ತುರುಬು ಕಂಡಿತು. ಅವನು ಓಡಿಹೋಗಿ ಕೈ ಹಿಡಿದುಕೊಂಡು, “ಸಿಕ್ಕಿದ್ರಲ್ಲ ಅತ್ತೆ,” ಎಂದ. ತಿರುಗಿದವಳು ಮೂಗಿನಲ್ಲಿ ದೊಡ್ಡ ನತ್ತಿನ ಮೀನುಗಾರರ ಅಜ್ಜಿ. ಅವಳು ಮರಾಠಿಯಲ್ಲಿ ಅವನ ಮೂರು ತಲೆಮಾರನ್ನು ಸಮುದ್ರಕ್ಕೆ ಎಸೆದಳು.

“ಈಕಿ ಅಲ್ಲೇನ್ರಿ?” ಎಂದ ಬಂಡೆಪ್ಪ.

“ಅಲ್ಲ.”

“ಛಲೋತ್ನಂಗ ನೋಡ್ರಿ. ಬಿಸಲಾಗ ಮುಖಾ ಬದಲಾಗಿರ್ತೈತಿ.”

ಅಲ್ಲಿಂದ ಮ್ಯೂಸಿಯಂ. ಅತ್ತೆ ಅಲ್ಲೂ ಇರಲಿಲ್ಲ. ಬಂಡೆಪ್ಪ ಮಾತ್ರ, ನೌಕರಿಗೆ ಸೇರಿದಾಗಿನಿಂದ ಇದನ್ನು ಹೊರಗಿನಿಂದಲೇ ನೋಡಿದ್ದೇನೆ, ಬಂದದ್ದಾಯಿತಲ್ಲ ಎಂದು ಒಳಗೆ ನುಗ್ಗಿ ಒಂದೊಂದು ಕತ್ತಿಯ ಮುಂದೂ ನಿಂತ. “ಇದೆಲ್ಲ ಇಂಗ್ರೇಜ್ರಿಗೆ ಹ್ಯಾಂಗ ಸಿಕ್ಕಿತ್ರಿ ಈ ಊರು?” ಎಂದು ಕೇಳಿದ. ಕೇಶವಮೂರ್ತಿಯ ಬಾಯಿ ತಾನಾಗಿ ತೆರೆಯಿತು. ಏಳು ದ್ವೀಪ, ರಾಜಕುಮಾರಿ, ಬಳುವಳಿ. ಕಾಲು ಸೇದುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು, ನಾಲಗೆ ಮಾತ್ರ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಸಂಜೆಯ ಹೊತ್ತಿಗೆ ಬಂಡೆಪ್ಪ ಮುಂಬಯಿಯನ್ನು ಪೂರ್ತಿ ನೋಡಿ ಮುಗಿಸಿದ್ದ.

“ಭಾಳ ಚಂದ ಹೇಳ್ತೀರಿ,” ಎಂದು ಬೀಳ್ಕೊಟ್ಟ. “ಮುದುಕಿ ಸಿಕ್ಕರ ನಾಳಿ ಆಫೀಸಿನ್ಯಾಗ ತಿಳಸ್ರಿ.”

ಕೇಶವಮೂರ್ತಿ ಚೆಂಬೂರಿಗೆ ಹಿಂತಿರುಗಿ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಸಿದ. ಮನೆಗೆ ಹೋಗುವಂತಿಲ್ಲ. ಪೊಲೀಸರಿಗೆ ಹೇಳಿದರೆ ಮನೆಗೇ ಬರುತ್ತಾರೆ. ಅಜ್ಜಿ ಕತೆಗಳಲ್ಲಾದರೆ ಈ ಹೊತ್ತಿಗೆ ಮರದ ಮೇಲಿನ ಹಕ್ಕಿಯಾದರೂ ಒಂದು ಉಪಾಯ ಹೇಳುತ್ತದೆ. ಚೆಂಬೂರಿನಲ್ಲಿ ಕಾಗೆಗಳಷ್ಟೇ ಇದ್ದವು, ಅವಕ್ಕೆ ಅವುಗಳದೇ ಜಗಳವಿತ್ತು.

ಗಾಡಿ ಬಂದು ನಿಂತಿತು. ಹೆಂಗಸರ ಡಬ್ಬಿಯಿಂದ ಮೊದಲು ಬುರ್ಖಾದ ಹೆಂಗಸೊಬ್ಬಳು ಇಳಿದಳು. ಅವಳ ಕೈ ಹಿಡಿದು, ಎರಡೂ ಮುಂಗೈ ತುಂಬ ಹೊಸ ಹಸಿರು ಬಳೆ ತೊಟ್ಟು, ತುರುಬಿನಲ್ಲಿ ಮಲ್ಲಿಗೆ ಮುಡಿದು, ಅಮ್ಮಣ್ಣಿ ಅತ್ತೆ ಇಳಿದರು.

“ಎಲ್ಲಿ ಹಾಳಾಗಿಹೋಗಿದ್ಯೋ ಕೇಶವ?” ಎಂದರು. “ಪಾಪ, ದಾರಿ ತಪ್ಪಿಬಿಟ್ಯಾ? ಎಲ್ಲರೂ ಇಳಿದರು, ನಾನೂ ಇಳಿದೆ. ನೀನೇ ಇಳೀಲಿಲ್ಲ.”

ಬುರ್ಖಾದ ಹೆಂಗಸು ಕುರ್ಲಾದ ಜೈತುನಬಿ. ಊರು ಗುಲಬರ್ಗಾ. “ಅಮ್ಮಾರು ಪ್ಲಾಟ್‌ಫಾರ್ಮಿನ್ಯಾಗ ಕನ್ನಡದಾಗ ಅಳಾಕತ್ತಿದ್ರು,” ಎಂದಳು. “ಭಾಳ ಹೊತ್ತು ನಿಮ್ಮ ದಾರಿ ಕಾಯ್ದಿವ್ರಿ. ನಮ್ಮ ಬೀಗರು ಬಂದಿದ್ರು, ಅವರಿಗೂ ಮುಂಬಯಿ ತೋರಸೂದಿತ್ತು. ಮನಿಗೆ ಬಿಡ್ತೀನಿ ಅಂದರ ಅಮ್ಮಾರು ಒಲ್ಲೆ ಅಂದು ನಮ್ಮ ಜೋಡಿನ ಬಂದ್ರು.”

“ಹೊರಟವಳು ಹಾಗೇ ವಾಪಸ್ ಹೋಗೋದಾ?” ಎಂದರು ಅತ್ತೆ.

ಜೈತುನಬಿ ಅದೇ ಪ್ಲಾಟ್‌ಫಾರ್ಮಿನ ಆಚೆ ಬದಿಯ ಗಾಡಿ ಹಿಡಿದು ಹೊರಟಳು. ಅತ್ತೆ ಅದು ಮರೆಯಾಗುವವರೆಗೆ ಕೈ ಬೀಸಿ, ಆಮೇಲೆ ದನಿ ತಗ್ಗಿಸಿದರು.

“ನೋಡು, ನಾನು ಕಳೆದುಹೋಗಿದ್ದೆ ಅಂತ ನಮ್ಮ ಯಜಮಾನರಿಗೆ ಗೊತ್ತಾದ್ರೆ ಇನ್ನು ನನ್ನ ಜನ್ಮದಲ್ಲಿ ಹೊಸಿಲು ದಾಟೋಕೆ ಬಿಡಲ್ಲ. ಎಲ್ಲಾ ನೀನೇ ತೋರಿಸ್ದೆ ಅಂತೀನಿ. ಹೂಂ ಅನ್ನು, ಸಾಕು.”

ಕೇಶವಮೂರ್ತಿಗೆ ಅವರ ಕಾಲಿಗೆ ಬೀಳುವಂತಾಯಿತು. ಬಗ್ಗಿದರೆ ಏಳಲಾಗುವುದಿಲ್ಲ ಎಂದು ಬೀಳಲಿಲ್ಲ.

ಮನೆಯಲ್ಲಿ ವಿಮಲಾ, ಹಿರಿಯಣ್ಣನವರಷ್ಟೇ ಅಲ್ಲ, ಪಕ್ಕದ ಮನೆಯ ಸತ್ಯಮೂರ್ತಿಯೂ ಕುಳಿತಿದ್ದರು. ಬಿಲ್ಡಿಂಗಿನಲ್ಲಿ ಯಾರ ಮನೆಗೆ ಯಾರು ಬಂದರೂ ಅವರು ಅಲ್ಲಿರುತ್ತಿದ್ದರು. ಅತ್ತೆ ಕಾಲು ತೊಳೆದು ಬಂದು ಶುರುಮಾಡಿದರು.

“ಏನು ಊರು ಅಂತೀಯ ವಿಮಲಾ. ಮಹಾಲಕ್ಷ್ಮಿ ಗುಡಿ ಹಿಂದೇನೇ ಸಮುದ್ರ. ಅಲ್ಲೇ ಹತ್ತಿರ ನೀರಿನ ಮಧ್ಯೆ ಒಂದು ದರ್ಗಾ, ಬೆಳ್ಳಗೆ, ಹಾಲಿನಲ್ಲಿ ತೊಳೆದ ಹಾಗೆ. ಅಲೆ ಹಿಂದೆ ಸರಿದಾಗ ಸಮುದ್ರ ದಾರಿ ಬಿಟ್ಟುಕೊಡುತ್ತೆ, ನಡಕೊಂಡು ಹೋಗೋದು. ಆಮೇಲೆ ಗುಡ್ಡದ ಮೇಲೆ ತೋಟ. ಗಿಡಾನ ಆನೆ, ಕುದುರೆ ಮಾಡಿ ಕತ್ತರಿಸಿದ್ದಾರೆ. ಬೂಟಿನ ಹಾಗಿರೋ ಒಂದು ಮನೆ, ಅದರೊಳಗೆ ಮೆಟ್ಟಿಲು. ನಾನೂ ಹತ್ತಿದೆ. ಚೌಪಾಟೀಲಿ ಭೇಲ್‌ಪುರಿ. ಕೇಶವ ಒಂದನ್ನೂ ಬಿಡಲಿಲ್ಲ.”

“ಹೂಂ,” ಎಂದ ಕೇಶವಮೂರ್ತಿ.

“ಗುಡ್ಡದ ಮೇಲಿನ ತೋಟ ಅಂದ್ರೆ ಹ್ಯಾಂಗಿಂಗ್ ಗಾರ್ಡನ್ನಾ?” ಎಂದರು ಸತ್ಯಮೂರ್ತಿ. “ಹೋದ ಸಲ ನಮ್ಮ ಭಾವನಿಗೆ ರಿಪೇರಿ ನಡೀತಿದೆ, ಮುಚ್ಚಿದ್ದಾರೆ ಅಂದಿದ್ರಿ.”

“ಮುಗೀತು ರಿಪೇರಿ,” ಎಂದ ಕೇಶವಮೂರ್ತಿ.

ಹಿರಿಯಣ್ಣ ಪೇಪರು ಮಡಚಿದರು. “ಕೇಶವ, ಆ ದರ್ಗಾಕ್ಕೆ ಸ್ಟೇಷನ್ನಿನಿಂದ ನಡೆದು ಹೋದ್ರೋ, ಬಸ್ಸಿನಲ್ಲೋ?”

“ಸ್ವಲ್ಪ ನಡೆದು... ಸ್ವಲ್ಪ ಬಸ್ಸು.”

ವಿಮಲಾ ಗಂಡನನ್ನು ಮದುವೆಯ ಹೊಸದರಲ್ಲಿ ನೋಡುತ್ತಿದ್ದಂತೆ ನೋಡಿದಳು. ಅವನಿಗೆ ಅದನ್ನು ಅನುಭವಿಸುವಷ್ಟು ತ್ರಾಣವೂ ಇರಲಿಲ್ಲ. ಗಂಡಾಂತರ ಕಳೆಯಿತು, ಇನ್ನು ಮಲಗಬಹುದು ಎಂದು ಚಾಪೆಯ ಕಡೆ ಕಣ್ಣು ಹಾಯಿಸಿದ.

ಆಗ ಹಿರಿಯಣ್ಣ ಗಂಟಲು ಸರಿಮಾಡಿಕೊಂಡರು. “ನಿಜ ಹೇಳ್ತೀನಪ್ಪಾ. ನನಗೂ ಊರು ನೋಡೋ ಆಸೆ ಇತ್ತು. ಈ ಜನಸಾಗರದಲ್ಲಿ ನೀನು ನಮ್ಮನ್ನ ಎಲ್ಲಾದ್ರೂ ಕಳೆದುಬಿಡ್ತೀಯೇನೋ ಅಂತ ಹೆದರಿಕೆ. ಇವಳನ್ನೇ ಇಷ್ಟು ಜೋಪಾನವಾಗಿ ಕರಕೊಂಡು ಬಂದೆ ಅಂದಮೇಲೆ ಇನ್ನೇನು? ನಾಡಿದ್ದಿನ ರಿಸರ್ವೇಷನ್ ಕ್ಯಾನ್ಸಲ್ ಮಾಡಿಸು. ಮುಂದಿನ ಭಾನುವಾರ ಇವಳು ನೋಡಿದ್ದೆಲ್ಲಾ ನನಗೂ ತೋರಿಸು. ಒಂದೂ ಬಿಡಬೇಡ.”

“ಹೇಗೂ ಹೋಗ್ತಿದ್ದೀರಲ್ಲ,” ಎಂದರು ಸತ್ಯಮೂರ್ತಿ. “ನಮ್ಮ ಷಡ್ಡಕರ ಮನೆಯವರು ದಾವಣಗೆರೆಯಿಂದ ಶನಿವಾರ ಬರ್ತಾರೆ. ಬರೀ ಎಂಟು ಜನ. ನಿಮ್ಮ ಜೊತೆ ಕಳಿಸ್ತೀನಿ. ಭಾವನ ಮನೆಯವರಿಗೂ ಬರೀತೀನಿ, ರಿಪೇರಿ ಮುಗೀತು ಅಂತ.”

ಆಗುವುದಿಲ್ಲ ಎನ್ನಬೇಕಾದರೆ ಏಕೆ ಎಂದು ಹೇಳಬೇಕು. ಕೇಶವಮೂರ್ತಿ ಹೂಂ ಎಂದ.

ಎಲ್ಲರೂ ಎದ್ದಮೇಲೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆಯನ್ನು ಹಿಡಿದ. “ಅತ್ತೆ, ಭಾನುವಾರ ನೀವೂ ಬರಬೇಕು. ನನಗೆ ಆ ಕಡೆ ಒಂದು ಓಣೀನೂ ಗೊತ್ತಿಲ್ಲ. ನೀವು ಮುಂದೆ ಮುಂದೆ ನಡೀರಿ, ನಾನು ಹಿಂದಿನಿಂದ ಬರ್ತೀನಿ.”

ಅತ್ತೆ ಬಳೆ ಹಿಂದಕ್ಕೆ ಸರಿಸಿ ಅವನ ಬೆನ್ನು ಸವರಿದರು.

“ನಾನೆಲ್ಲಪ್ಪಾ ಬರಲಿ? ಅವತ್ತು ನನಗೆ ತಲೆನೋವು. ನೀವೆಲ್ಲ ಅತ್ತ ಹೋದಮೇಲೆ ವಿಮಲಾನ ಕರಕೊಂಡು ಹೊರಡಬೇಕು. ಇನ್ನೊಂದು ಭಾನುವಾರ ಉಳಿದ್ರೆ ಕುರ್ಲಾಕ್ಕೆ ಬನ್ನಿ, ದೋಣೀಲಿ ಎಲಿಫೆಂಟಾ ಗುಹೆ ತೋರಿಸ್ತೀನಿ ಅಂದಿದ್ದಾಳೆ ಜೈತುನಬಿ. ನೀನು ಸ್ವಲ್ಪ ನಿಧಾನವಾಗೇ ಮನೆಗೆ ಬಾ. ನಿನಗೇನು ಕಷ್ಟ, ದಾರಿ ತಪ್ಪೋದು ನಿನಗೆ ಅಭ್ಯಾಸ ಇದೆಯಲ್ಲ.”